ಏಪ್ರಿಲ್ ಬಿಸಿಲಲ್ಲಿ ಮಲ್ಲೇಶ್ವರ ಸುತ್ತಿದ್ದು

ಮೊದಲ ಸಲ ಹೋಗಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಬೆಂಗಳೂರು ಅಲ್ವಾ, ಬಿಸಿಲು ಎಷ್ಟಿದ್ದೀತು ಅಂದುಕೊಂಡು ಟೋಪಿಯೂ ಇಲ್ಲದೆ ಸಂಪಿಗೆ ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಇಳಿದೆ. ಒಂದೊಂದೇ ಕ್ರಾಸ್ ಒಳಗೆ ಹೊಕ್ಕು ಹೊರಬರುತ್ತಾ ಸ್ಯಾಂಕಿ ಕೆರೆವರೆಗೆ ನಡೆಯುವುದು ಅಂತ ಲೆಕ್ಕ. ಎಂಟನೇ ಕ್ರಾಸ್ ದಾಟುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಯಾರದೋ ಮನೆ ಮುಂದಿನ ಕಟ್ಟೆ ಮೇಲೆ ಹತ್ತು ನಿಮಿಷ ಕೂತು, ಆಟೊ ಹಿಡಿದು ವಾಪಸ್ ಬಂದೆ.

ಮನೆಗೆ ಬಂದು ಮ್ಯಾಪ್ ನೋಡಿದಾಗ ವಿಷಯ ಹೊಳೆಯಿತು. ಮಲ್ಲೇಶ್ವರ 1898ರ ಪ್ಲೇಗ್ ಕಾಲದಲ್ಲಿ ಪೇಟೆ ಬಿಟ್ಟು ಬಂದವರಿಂದ ತುಂಬಿಕೊಂಡ ಬಡಾವಣೆ. ರಸ್ತೆಗಳು ಗೆರೆ ಎಳೆದ ಹಾಗಿವೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಯಂಥ ದೊಡ್ಡವು ಉತ್ತರ ದಕ್ಷಿಣ, ಕ್ರಾಸ್‌ಗಳೆಲ್ಲ ಪೂರ್ವ ಪಶ್ಚಿಮ. ಏಪ್ರಿಲ್‌ನಲ್ಲಿ ಸೂರ್ಯ ಹೆಚ್ಚುಕಮ್ಮಿ ಪೂರ್ವದಿಂದ ನೇರವಾಗಿ ನೆತ್ತಿಗೆ ಏರುತ್ತಾನೆ. 24ರ ಆಸುಪಾಸಿನಲ್ಲಿ ಮಧ್ಯಾಹ್ನ ನಮ್ಮ ನೆರಳು ನಮ್ಮ ಕಾಲ ಕೆಳಗೇ ಮಾಯವಾಗುವ ದಿನವೂ ಬರುತ್ತದೆ. ಅಂದರೆ ಕ್ರಾಸ್‌ಗಳಲ್ಲಿ ಯಾವ ಕಡೆಯ ಗೋಡೆಯೂ ನೆರಳು ಕೊಡುವುದಿಲ್ಲ. ನಾನು ನಡೆದಿದ್ದು ಬರೀ ಕ್ರಾಸ್‌ಗಳಲ್ಲೇ!

ಮುಂದಿನ ಭಾನುವಾರ ಆರೂವರೆಗೆ ಶುರು ಮಾಡಿದೆ. ದೊಡ್ಡ ರಸ್ತೆಗಳಲ್ಲಿ ಪೂರ್ವದ ಕಡೆಯ ಫುಟ್‌ಪಾತ್, ಸಂಜೆಯಾದರೆ ಪಶ್ಚಿಮದ್ದು. ಕ್ರಾಸ್‌ಗೆ ತಿರುಗುವ ಮುಂಚೆ ಇಣುಕಿ ನೋಡುತ್ತೇನೆ. ಮರ ಇದ್ದರೆ ಮಾತ್ರ ಒಳಗೆ. ಮರಗಳಲ್ಲೂ ವ್ಯತ್ಯಾಸ ಇದೆ. ಫೋಟೊದಲ್ಲಿ ಎಲ್ಲರೂ ಮೆಚ್ಚುವ ಗುಲಾಬಿ ಟಬೂಬಿಯ ಹೂ ಬಿಡುವಾಗ ಎಲೆಯನ್ನೇ ಉದುರಿಸಿರುತ್ತದೆ. ಚೆಂದ, ಆದರೆ ಅದರ ಕೆಳಗೆ ನಿಂತರೆ ತಲೆ ಸುಡುತ್ತದೆ. ಗುಲ್‌ಮೊಹರ್ ನೆರಳು ಜರಡಿ ಹಿಡಿದ ಹಾಗೆ. ನನ್ನ ಓಟು ಹೊಂಗೆಗೆ. ಯುಗಾದಿ ಹೊತ್ತಿಗೆ ಹೊಸ ಎಲೆ ತುಂಬಿ, ಆಮೇಲೆ ನೆಲದ ಮೇಲೆ ಹೂವಿನ ಅರಳು ಚೆಲ್ಲಿ, ನಿಜಕ್ಕೂ ತಂಪಾಗಿರುತ್ತದೆ.

ನೆರಳು ಹುಡುಕುತ್ತಾ ಸಿಕ್ಕಿದ್ದೇ ಕನ್ಸರ್ವೆನ್ಸಿ ಸಂದಿಗಳು. ಎರಡು ಸಾಲು ಮನೆಗಳ ಬೆನ್ನ ನಡುವಿನ ಕಿರಿದಾದ ದಾರಿಗಳಿವು. ಫ್ಲಶ್ ಇಲ್ಲದ ಕಾಲದಲ್ಲಿ ಮಲ ಹೊರುವವರು ಮುಂಬಾಗಿಲಿಗೆ ಕಾಣದೆ ಹಿತ್ತಲಿಂದಲೇ ಬಂದು ಹೋಗಲಿ ಅಂತ ಬಿಟ್ಟಿದ್ದು. ಅದು ಗೊತ್ತಾದ ಮೇಲೆ ಅಲ್ಲಿ ನಡೆಯುವಾಗ ಸ್ವಲ್ಪ ಕಸಿವಿಸಿ. ಕೆಲವು ಸಂದಿಗಳ ಗೋಡೆಗೆ ಈಗ ಚಿತ್ರ ಬರೆದಿದ್ದಾರೆ, ಕೆಲವದರ ತುಂಬ ಬೈಕು ಮತ್ತು ಕಸ. ಆದರೆ ಮನೆಗಳ ನಿಜವಾದ ಮುಖ ಇಲ್ಲೇ ಕಾಣುವುದು. ಒಗೆಯುವ ಕಲ್ಲು, ನುಗ್ಗೆ ಮರ, ಬೇಸಿಗೆ ಆದ್ದರಿಂದ ತಾರಸಿ ಮೇಲೆ ಹಳೇ ಪಂಚೆ ಹಾಸಿ ಒಣಗಿಸಿದ ಸಂಡಿಗೆ. ಕಾಗೆ ಓಡಿಸಲು ಒಬ್ಬ ಹುಡುಗ ಛತ್ರಿ ಹಿಡಿದು ಕೂತಿದ್ದ, ಕಣ್ಣು ಮೊಬೈಲ್‌ನಲ್ಲಿ. ಕಾಗೆಗಳಿಗೆ ಹಬ್ಬ.

ನಿಧಾನಕ್ಕೆ ನಡೆಯುವ ಅಪರಿಚಿತರನ್ನು ಯಾವ ಬೀದಿಯೂ ಸುಮ್ನೆ ಬಿಡುವುದಿಲ್ಲ. "ಯಾರ ಮನೆ ಬೇಕಿತ್ತು?" ಅಂತ ಗೇಟಿನಿಂದ ಕೇಳುತ್ತಾರೆ. "ಹೀಗೇ ಸುಮ್ನೆ" ಅಂದರೆ ಅನುಮಾನ ಇನ್ನೂ ಜಾಸ್ತಿ. ಈಗ ನಾನೇ ಮೊದಲು ಕೇಳುತ್ತೇನೆ, "ಈ ಮರ ಯಾವುದು?" ಅಂತ. ಮರ ನೆಟ್ಟ ಅಜ್ಜನಿಂದ ಹಿಡಿದು ಭಾಗ ಆಗಿ ಮಾರಿಹೋದ ಪಕ್ಕದ ಮನೆವರೆಗೆ ಎಲ್ಲ ಹೇಳುತ್ತಾರೆ. ಮನೆ ಫೋಟೊವನ್ನು ಕೇಳದೆ ತೆಗೆಯುವುದಿಲ್ಲ.

ಒಮ್ಮೆ ಹಳೇ ಬಂಗಲೆಯೊಂದರ ಮಂಕಿ ಟಾಪ್ ನೋಡುತ್ತಾ ಎದ್ದಿದ್ದ ಚಪ್ಪಡಿಗೆ ಎಡವಿ ಹೆಬ್ಬೆರಳಿನ ಉಗುರು ಕಿತ್ತುಕೊಂಡೆ. ಕಿಟಕಿ ಮೇಲೆ ಮರದ ಪಟ್ಟಿಗಳ ಚೂಪು ಮಾಡು ಇರುತ್ತದಲ್ಲ, ಅದೇ ಮಂಕಿ ಟಾಪ್. ಅಂದಿನಿಂದ ಚಪ್ಪಲಿ ಬಿಟ್ಟು ಶೂ. ತಲೆ ಎತ್ತಬೇಕಾದರೆ ಮೊದಲು ನಿಲ್ಲುತ್ತೇನೆ.

ನೀರಿನ ಬಾಟಲಿ ಇದ್ದೇ ಇರುತ್ತದೆ. ಬೇಡವಾಗಿದ್ದು ರಾಮನವಮಿ ದಿನ ಮಾತ್ರ. ಮೂರು ಕ್ರಾಸ್‌ನಲ್ಲಿ ಪಾನಕ, ಒಂದರಲ್ಲಿ ನೀರುಮಜ್ಜಿಗೆ, ದೊನ್ನೆ ತುಂಬ ಕೋಸಂಬರಿ. ಅವತ್ತು ನಡೆದಿದ್ದಕ್ಕಿಂತ ನಿಂತಿದ್ದೇ ಹೆಚ್ಚು.

ಒಂಬತ್ತು ಗಂಟೆಗೆ ಎಲ್ಲಿದ್ದರೂ ನಿಲ್ಲಿಸುವುದು ನನ್ನ ನಿಯಮ. ಹದಿನೆಂಟನೇ ಕ್ರಾಸ್ ತಲುಪಲು ಆರು ಭಾನುವಾರ ಬೇಕಾಯಿತು. ಮೊದಲ ದಿನ ಹೊರಟಿದ್ದ ಸ್ಯಾಂಕಿ ಕೆರೆಯನ್ನು ಮಾತ್ರ ಇನ್ನೂ ಮುಟ್ಟಿಲ್ಲ. ಪ್ರತಿ ಸಲ ಯಾರೋ ಮಾತಿಗೆ ಸಿಗುತ್ತಾರೆ, ಒಂಬತ್ತು ಆಗಿಬಿಡುತ್ತದೆ.