ಸ್ಪ್ರೇ ತಾಗಿ ಕರಗಿದ ಥರ್ಮಕೋಲ್ ಬೆಟ್ಟವನ್ನು ಉಳಿಸಿಕೊಂಡದ್ದು

28 ಮಿಲಿಮೀಟರ್ ಅಳತೆಯ ಪುಟ್ಟ ಗೊಂಬೆಗಳನ್ನಿಟ್ಟು ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ಅಂತ ಥರ್ಮಕೋಲ್ ಕೆತ್ತಿ ಒಂದು ಕಲ್ಲುಬೆಟ್ಟ ಮಾಡಿದ್ದೆ. ಎರಡು ಸಂಜೆಯ ಕೆಲಸ. ಕೊನೆಗೆ, ಬಣ್ಣಕ್ಕೆ ಮೊದಲು ತಳಪದರವಾಗಿ ಗೊಂಬೆಗಳಿಗೆ ಹೊಡೆಯುವ ಕಪ್ಪು ಸ್ಪ್ರೇ ಪ್ರೈಮರನ್ನೇ ಅದಕ್ಕೂ ಹೊಡೆದೆ. ನೋಡ್ತಾ ನೋಡ್ತಾ ಬಂಡೆಯ ಅಂಚುಗಳು ಒಳಗೆ ಕುಸಿದವು. ಮೈಯೆಲ್ಲ ಸಣ್ಣ ಸಣ್ಣ ಗುಳಿ, ಗೆದ್ದಲು ತಿಂದ ಹಾಗೆ. ತುಂಬಾ ಬೇಜಾರಾಯಿತು.

ತಪ್ಪು ಬಣ್ಣದ್ದಲ್ಲ, ಸ್ಪ್ರೇಯಲ್ಲಿರುವ ದ್ರಾವಕದ್ದು. ಥರ್ಮಕೋಲ್ ಅಂದ್ರೆ ಪಾಲಿಸ್ಟೈರೀನ್, ಅಸಿಟೋನಿನಂಥದ್ದು ತಾಗಿದರೆ ಕರಗುತ್ತದೆ. ಎಕ್ಸ್‌ಪಿಎಸ್ ಅನ್ನುವ ಗಟ್ಟಿಯಾದ ಫೋಮ್ ಹಾಳೆಯೂ ಅದೇ ವಸ್ತು, ಅದೂ ಉಳಿಯುವುದಿಲ್ಲ.

ಎಸೆಯಲು ಮನಸ್ಸು ಬರಲಿಲ್ಲ. ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಬಿಟ್ಟೆ. ದೊಡ್ಡ ಗುಳಿಗಳಿಗೆ ಗೋಡೆಗೆ ಹಚ್ಚುವ ಪುಟ್ಟಿ ತುಂಬಿದೆ. ಸಣ್ಣವು ಸವೆದ ಕಲ್ಲಿನ ಹಾಗೇ ಕಾಣುತ್ತಿದ್ದವು, ಸುಮ್ನೆ ಬಿಟ್ಟೆ. ಆಮೇಲೆ ಮರಕ್ಕೆ ಹಾಕುವ ಬಿಳಿ ಅಂಟು ಒಂದು ಪಾಲು, ಕಪ್ಪು ಅಕ್ರಿಲಿಕ್ ಒಂದು ಪಾಲು, ಚೂರು ನೀರು ಕಲಸಿ ಬ್ರಷ್‌ನಿಂದ ಎರಡು ಕೋಟ್ ಹಚ್ಚಿದೆ. ಬಿರುಕುಗಳ ಒಳಗೆ ಬ್ರಷ್ ತುದಿ ಚುಚ್ಚಿ ಚುಚ್ಚಿ ಹಚ್ಚಬೇಕು. ಒಂದು ಬಿಳಿ ಚುಕ್ಕೆ ಉಳಿದರೂ ಮುಂದೆ ಸ್ಪ್ರೇ ಅಲ್ಲಿಂದಲೇ ಒಳಗೆ ಇಳಿಯುತ್ತದೆ. ನಾನಂತೂ ಈಗ ಬೆಟ್ಟಗಳ ಹತ್ತಿರ ಸ್ಪ್ರೇ ತರುವುದೇ ಇಲ್ಲ.

ಒಣಗಿದ ಮೇಲೆ ಬೂದು ಬಣ್ಣದಲ್ಲಿ ಡ್ರೈಬ್ರಷ್ ಮಾಡಿದೆ. ಬ್ರಷ್ಷನ್ನು ಬಟ್ಟೆಗೆ ಒರೆಸಿ ಒರೆಸಿ, ಬಣ್ಣ ಇದೆಯೋ ಇಲ್ಲವೋ ಅನ್ನುವಂತಾದಾಗ ಅಂಚುಗಳ ಮೇಲೆ ಹಗುರವಾಗಿ ಎಳೆದೆ. ಕರಗಿದ ಜಾಗದಲ್ಲೇ ಕಲ್ಲು ಜಾಸ್ತಿ ನಿಜ ಅನ್ನಿಸಿತು.