ಮಳೆನೀರು ನೋಡಿ ಲಾನ್ ಸರಿ ಮಾಡಿದ್ದು

ಮಣಿಪಾಲದ ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆ. ಅಂಗಳಕ್ಕೆ ಕೆಂಪು ಮಣ್ಣು ತುಂಬಿಸಿ ಮೇಲೆ ಬಫೆಲೋ ಹುಲ್ಲು ನೆಟ್ಟದ್ದು. ತುಂಬಿಸಿದ ಮಣ್ಣು ನಮ್ಮ ಕಡೆಯ ಮಳೆಗೆ ಕೂತೇ ಕೂರುತ್ತದೆ. ಎಲ್ಲ ಕಡೆ ಒಂದೇ ಥರ ಕೂರುವುದಿಲ್ಲ, ಅದೇ ತೊಂದರೆ. ಹುಲ್ಲು ಕತ್ತರಿಸುವ ಮಿಷನ್ ಉಬ್ಬಿದ ಕಡೆ ಬುಡದವರೆಗೆ ಬೋಳಿಸುತ್ತಿತ್ತು. ತಗ್ಗಿನಲ್ಲಿ ನೀರು ನಿಂತು ಹುಲ್ಲು ಹಳದಿಯಾಗುತ್ತಿತ್ತು.

"ಒಂದು ರೋಲರ್ ಓಡಿಸಿ ಮಾರಾಯ್ರೇ, ಸರಿಯಾಗ್ತದೆ" ಎಂದವರೇ ಜಾಸ್ತಿ. ನನಗೆ ಅದು ಒಪ್ಪಿಗೆಯಾಗಲಿಲ್ಲ. ರೋಲರ್ ಎಳೆದರೆ ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಕ್ರಿಕೆಟ್ ಪಿಚ್‌ಗೆ ಅದು ಬೇಕು, ಮನೆಯಂಗಳಕ್ಕೆ ಯಾಕೆ?

ಜುಲೈಯಲ್ಲಿ ಜೋರು ಮಳೆ ಬಿಟ್ಟ ಕೂಡಲೇ ಹೊರಗೆ ಹೋಗಿ, ನೀರು ನಿಂತ ಜಾಗದ ಸುತ್ತ ಹಿಡಿಸೂಡಿ (ಪೊರಕೆ) ಕಡ್ಡಿ ಚುಚ್ಚಿ ಫೋಟೋ ತೆಗೆದಿಟ್ಟೆ. ತಗ್ಗು ಎಲ್ಲೆಲ್ಲಿದೆ ಎಂದು ಮಳೆಯೇ ಪುಕ್ಕಟೆ ತೋರಿಸುವಾಗ ಬೇರೆ ಅಳತೆ ಯಾಕೆ ಅಲ್ವಾ? ಆದರೆ ಇಳಿಜಾರು ಅಳೆಯಲು ಮಾತ್ರ ದಾರ ಕಟ್ಟಲೇಬೇಕು. ಲಾನ್ ಪೂರ್ತಿ ಸಪಾಟಾಗಿರಬಾರದು. ಗೋಡೆಯಿಂದ ಹೊರಗೆ 10 ಅಡಿಗೆ ಒಂದೆರಡು ಇಂಚು ಇಳಿದಿದ್ದರೆ ನೀರು ತಾನಾಗಿ ಹರಿದುಹೋಗುತ್ತದೆ.

ಕೆಲಸಕ್ಕೆ ಕೈ ಹಾಕಿದ್ದು ಚೌತಿ ಕಳೆದು ಮಳೆ ಇಳಿದ ಮೇಲೆ. ಮಳೆಗಾಲದ ನಡುವೆ ಹಾಕಿದ ಮಣ್ಣು ಗೇಟು ದಾಟಿ ರಸ್ತೆ ಸೇರುತ್ತದೆ. ಬೇಸಗೆಗೆ ಬಿಟ್ಟರೆ ನೀರುಣಿಸಿಯೇ ಸುಸ್ತು.

ಸಣ್ಣ ತಗ್ಗುಗಳಿಗೆ ಎರಡು ಪಾಲು ಹೊಯ್ಗೆ (ಮರಳು), ಒಂದು ಪಾಲು ಅಂಗಳದ್ದೇ ಮಣ್ಣು, ಸ್ವಲ್ಪ ಕಳಿತ ಹಟ್ಟಿಗೊಬ್ಬರ, ಎಲ್ಲವನ್ನೂ ಜರಡಿ ಹಿಡಿದು ಬೆರೆಸಿದೆ. ಗೊಬ್ಬರ ಜಾಸ್ತಿಯಾದರೆ ಅದು ಕರಗಿ ಮತ್ತೆ ತಗ್ಗು ಬೀಳುತ್ತದೆ. ಕಡಲ ಹೊಯ್ಗೆ ಬೇಡವೇ ಬೇಡ, ಉಪ್ಪಿಗೆ ಹುಲ್ಲು ಸುಡುತ್ತದೆ. ಹುಲ್ಲನ್ನು ಗಿಡ್ಡ ಕತ್ತರಿಸಿ, ಅರ್ಧ ಇಂಚಿಗಿಂತ ದಪ್ಪವಾಗದಂತೆ ಹರಡಿ, ಹಿಡಿಸೂಡಿಯಿಂದ ಹುಲ್ಲಿನ ಎಡೆಗೆ ಇಳಿಸಿದೆ. ಎಲೆಯ ತುದಿ ಮೇಲೆ ಕಾಣುತ್ತಿರಬೇಕು, ಮುಚ್ಚಿಹೋದರೆ ಹುಲ್ಲು ಕೊಳೆಯುತ್ತದೆ. ಅದು ಚಿಗುರಿ ಮೇಲೆ ಬಂದ ಮೇಲೆಯೇ ಇನ್ನೊಂದು ಪದರ. ಅರ್ಧ ಇಂಚಿನ ಲೆಕ್ಕದಲ್ಲಿ 100 ಚದರಡಿಗೆ ಸುಮಾರು 4 ಘನ ಅಡಿ ಮಿಶ್ರಣ ಬೇಕು. ಸಿಮೆಂಟ್ ಚೀಲದಲ್ಲಿ ತುಂಬಿಸಿದರೆ ಮೂರು ಚೀಲ ದಾಟುತ್ತದೆ.

ಒಂದು ಗುಂಡಿ ಮಾತ್ರ ಆಳವಾಗಿತ್ತು. ಹಿಂದೆ ಅಲ್ಲಿ ತೆಂಗಿನ ಮರವಿತ್ತು. ಕಡಿದ ಮರದ ಬುಡ ಒಳಗೆ ಕೊಳೆಯುತ್ತಾ ಬಂದ ಹಾಗೆ ಮೇಲಿನ ಮಣ್ಣು ಇಳಿಯುತ್ತದೆ. ಇಂಥಲ್ಲಿ ಮೇಲಿಂದ ಎಷ್ಟು ಸುರಿದರೂ ಸುಮ್ನೆ ದಂಡ. ಹುಲ್ಲನ್ನು ಬೇರಿನ ಸಮೇತ ಎರಡು ಇಂಚು ದಪ್ಪಕ್ಕೆ ಕೊಯ್ದು, ಬಾಗಿಲು ತೆರೆದ ಹಾಗೆ ಎರಡೂ ಬದಿಗೆ ಮಗುಚಿದೆ. ಮೆತ್ತಗಾದ ಬುಡವನ್ನೆಲ್ಲ ಅಗೆದು ತೆಗೆದು, ಮಣ್ಣು ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಪದರವನ್ನೂ ಗುದ್ದಿ ಗಟ್ಟಿ ಮಾಡಿದೆ. ಹುಲ್ಲು ವಾಪಸ್ ಮುಚ್ಚುವಾಗ ಸುತ್ತಲಿನದಕ್ಕಿಂತ ಅರ್ಧ ಇಂಚು ಎತ್ತರವೇ ಬಿಟ್ಟೆ, ಹೇಗೂ ಕೂರುತ್ತದೆ. ಉಬ್ಬಿದ ಕಡೆಯೂ ಇದೇ ಕ್ರಮ, ಅಲ್ಲಿ ಮಣ್ಣು ತೆಗೆಯುವುದು ಅಷ್ಟೇ.

ಕೊಯ್ದ ಗೆರೆಗಳಲ್ಲಿ ಹೊಯ್ಗೆ ತುಂಬಿಸಿ, ಬೇರು ಹಿಡಿಯುವವರೆಗೆ ದಿನಾ ನೀರು ಕೊಟ್ಟೆ. ಅಲ್ಲಿವರೆಗೆ ಮಿಷನ್ ಓಡಿಸಲಿಲ್ಲ, ಎತ್ತರ ಬೆಳೆದದ್ದನ್ನು ಕತ್ತಿಯಲ್ಲೇ ಸವರಿದ್ದು.