ಬಾಣಂತನಕ್ಕೆ ತವರಿಗೆ ಬರುವ ಮುನ್ನ: ಜರ್ಮನಿಯ ವಾಸಾನುಮತಿಯ ನವೀಕರಣ

ಮದುವೆಯಾಗಿ ಗಂಡನೊಡನೆ ಜರ್ಮನಿಗೆ ಹೋದ ತುಮಕೂರು ಸೀಮೆಯ ಹೆಣ್ಣುಮಕ್ಕಳಲ್ಲಿ ಅನೇಕರು ಚೊಚ್ಚಲ ಹೆರಿಗೆಗೆ ಏಳನೇ ತಿಂಗಳಲ್ಲಿ ತವರಿಗೆ ಬರುತ್ತಾರೆ. ಹೆರಿಗೆಯಾಗುವವರೆಗೆ ಎರಡು ತಿಂಗಳು, ಬಾಣಂತನಕ್ಕೆ ಐದು ತಿಂಗಳು ಎಂದು ಮನೆಯ ಹಿರಿಯರು ಲೆಕ್ಕ ಹಾಕಿದರೆ ಒಟ್ಟು ಏಳು ತಿಂಗಳಾಗುತ್ತದೆ; ದೇಶದ ಹೊರಗಿರಲು ಜರ್ಮನಿಯ ವಾಸ ಕಾನೂನು ಸಾಮಾನ್ಯವಾಗಿ ಕೊಡುವುದು ಆರೇ ತಿಂಗಳು. ಈ ಒಂದು ತಿಂಗಳ ವ್ಯತ್ಯಾಸ ಗೊತ್ತಿಲ್ಲದೆ ಪರ್ಮಿಟ್ ಕಳೆದುಕೊಂಡರೆ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ವೀಸಾ ಅರ್ಜಿಯನ್ನು ಮೊದಲಿನಿಂದ ಹಾಕಬೇಕಾಗುತ್ತದೆ. ಆದ್ದರಿಂದ ನವೀಕರಣದ ಮಾತನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ಆಡಬೇಕು.

ಗಮನಿಸಬೇಕಾದ ಗಡುವುಗಳು ಎರಡು. ಮೊದಲನೆಯದು ವಾಸಾನುಮತಿಯ (ಪರ್ಮಿಟ್ಟಿನ) ಕಾರ್ಡಿನ ಮೇಲೆ ಮುದ್ರಿತವಾಗಿರುವ ಮುಕ್ತಾಯದ ದಿನಾಂಕ. ಗಂಡ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ಕೆಲಸ ಮಾಡುವವನಾದರೆ ಹೆಂಡತಿಗೆ ವಾಸ ಕಾನೂನಿನ 30ನೇ ಕಲಮಿನಡಿ ಪರ್ಮಿಟ್ ಸಿಕ್ಕಿರುತ್ತದೆ. ಅದರ ಅವಧಿ ಗಂಡನ ಪರ್ಮಿಟ್ಟಿನ ಅವಧಿಯನ್ನು ಮೀರುವುದಿಲ್ಲವಾದ್ದರಿಂದ ಇಬ್ಬರದನ್ನೂ ಒಟ್ಟಿಗೆ ನವೀಕರಿಸುವುದು ಒಳ್ಳೆಯದು. ಗಂಡ ಜರ್ಮನ್ ಪ್ರಜೆಯಾಗಿದ್ದರೆ ಅನ್ವಯವಾಗುವುದು 28ನೇ ಕಲಂ. ಹೆಂಡತಿಯ ಕೆಲಸದ ಮೇಲೆ ಜೊತೆಗೆ ಹೋದ ಗಂಡಂದಿರಿಗೂ ಇದೇ ನಿಯಮಗಳು.

ಎರಡನೆಯ ಗಡುವು ಕಾರ್ಡಿನ ಮೇಲೆ ಎಲ್ಲಿಯೂ ಕಾಣುವುದಿಲ್ಲ. 51ನೇ ಕಲಮಿನ ಪ್ರಕಾರ ದೇಶ ಬಿಟ್ಟವರು ಆರು ತಿಂಗಳೊಳಗೆ ಮರಳಿ ಪ್ರವೇಶಿಸದಿದ್ದರೆ, ಕಾರ್ಡಿನಲ್ಲಿ ಇನ್ನೂ ಎರಡು ವರ್ಷ ಬಾಕಿ ಇದ್ದರೂ ಅನುಮತಿ ತಾನಾಗಿ ರದ್ದಾಗುತ್ತದೆ. ಗಂಡನದು ಬ್ಲೂ ಕಾರ್ಡ್, ಅಂದರೆ ಉನ್ನತ ವಿದ್ಯಾರ್ಹತೆಯ ಉದ್ಯೋಗಿಗಳಿಗೆ ಕೊಡುವ ಪರ್ಮಿಟ್, ಆಗಿದ್ದರೆ ಕುಟುಂಬದ ಪರ್ಮಿಟ್ ಹೊಂದಿರುವ ಹೆಂಡತಿಗೂ ಹನ್ನೆರಡು ತಿಂಗಳ ಅವಕಾಶವಿದೆ. ಹಾಗಾಗಿ ಗಂಡನ ಕಾರ್ಡು ಯಾವ ಬಗೆಯದು ಎಂಬುದನ್ನು ಹೆಂಡತಿ ತಾನೇ ಓದಿ ತಿಳಿದುಕೊಂಡಿರಬೇಕು. ಉಳಿದವರು ಹೊರಡುವ ಮುನ್ನವೇ ತಮ್ಮ ಊರಿನ ವಿದೇಶಿಯರ ಕಚೇರಿಗೆ, ಅಂದರೆ ಔಸ್‌ಲೆಂಡರ್‌ಬೆಹೋರ್ಡೆಗೆ, ಹೆರಿಗೆಯ ನಿರೀಕ್ಷಿತ ದಿನಾಂಕವಿರುವ ವೈದ್ಯರ ಪತ್ರವನ್ನು ಲಗತ್ತಿಸಿ ಹೆಚ್ಚಿನ ಅವಧಿ ಕೋರಬೇಕು. ಕಚೇರಿ ಒಪ್ಪಿದ್ದನ್ನು ಲಿಖಿತವಾಗಿ ಪಡೆಯದೆ ವಿಮಾನ ಹತ್ತಬಾರದು. ಫೋನಿನಲ್ಲಿ ಯಾರೋ ‘ಪರವಾಗಿಲ್ಲ’ ಎಂದದ್ದು ಗಡಿಯ ಅಧಿಕಾರಿಯ ಮುಂದೆ ದಾಖಲೆಯಾಗುವುದಿಲ್ಲ. ಬಾಡಿಗೆ ಉಳಿಸಲೆಂದು ಅಲ್ಲಿನ ಮನೆ ಖಾಲಿ ಮಾಡಿ ವಿಳಾಸ ನೋಂದಣಿಯನ್ನು ರದ್ದುಪಡಿಸಿ ಬರುವುದಂತೂ ಬೇಡವೇ ಬೇಡ. ತಾತ್ಕಾಲಿಕವಲ್ಲದ ಕಾರಣಕ್ಕೆ ದೇಶ ಬಿಟ್ಟಂತೆ ಅದು ಕಂಡರೆ ಆರು ತಿಂಗಳು ಕಾಯುವ ಮೊದಲೇ ಅನುಮತಿ ಹೋಗುತ್ತದೆ.

ತವರಿನಲ್ಲಿರುವಾಗಲೇ ಕಾರ್ಡಿನ ಅವಧಿ ಮುಗಿಯುವುದಾದರೆ ಹೊರಡುವ ಮೊದಲೇ ನವೀಕರಣದ ಅರ್ಜಿ ಹಾಕಬೇಕು. ಹಲವು ಕಚೇರಿಗಳಲ್ಲಿ ಭೇಟಿಯ ದಿನಾಂಕ, ಅಲ್ಲಿನವರ ಮಾತಿನಲ್ಲಿ ಟರ್ಮಿನ್, ತಿಂಗಳುಗಟ್ಟಲೆ ತಡವಾಗುತ್ತದೆ. ಆದರೆ ಕಾನೂನು ನೋಡುವುದು ಭೇಟಿಯ ದಿನವನ್ನಲ್ಲ, ಅರ್ಜಿ ತಲುಪಿದ ದಿನವನ್ನು. ಮುಕ್ತಾಯಕ್ಕೆ ಮುಂಚೆ ಅರ್ಜಿ ತಲುಪಿದರೆ 81ನೇ ಕಲಮಿನ 4ನೇ ಉಪಕಲಮಿನಂತೆ ತೀರ್ಮಾನವಾಗುವವರೆಗೂ ಹಳೆಯ ಪರ್ಮಿಟ್ ಊರ್ಜಿತದಲ್ಲಿರುತ್ತದೆ, ಕೆಲಸ ಮಾಡುವ ಹಕ್ಕೂ ಮುಂದುವರಿಯುತ್ತದೆ. ಇದಕ್ಕೆ ಕೊಡುವ ಪತ್ರದ ಹೆಸರು ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್. ಕೈಗೆ ಬಂದ ಕೂಡಲೇ ಅದರಲ್ಲಿ ಯಾವ ಕಲಮಿಗೆ ಗುರುತು ಹಾಕಿದ್ದಾರೆಂದು ನೋಡಿ: 4ನೇ ಉಪಕಲಮಿಗೆ ಗುರುತಿದ್ದರೆ ಹಳೆಯ ಕಾರ್ಡಿನೊಂದಿಗೆ ಮರಳಿ ಪ್ರವೇಶಿಸಬಹುದು, 3ನೇ ಉಪಕಲಮಿಗೆ ಇದ್ದರೆ ಆಗದು. ಮೂಲ ಪತ್ರವೇ ಜೊತೆಗಿರಬೇಕು. ದೇವನಹಳ್ಳಿಯಿಂದ ಫ್ರಾಂಕ್‌ಫರ್ಟಿಗೋ ಮ್ಯೂನಿಕ್ಕಿಗೋ ನೇರ ವಿಮಾನ ಹಿಡಿಯುವುದು ಕ್ಷೇಮ. ನಡುವೆ ಬೇರೊಂದು ಷೆಂಗೆನ್ ದೇಶದಲ್ಲಿ (ಒಳಗಡಿ ತಪಾಸಣೆಯಿಲ್ಲದ ಯುರೋಪಿನ ದೇಶಕೂಟದಲ್ಲಿ ಒಂದು) ಇಳಿದು ಈ ಕಾಗದದ ಅರ್ಥವನ್ನು ವಿವರಿಸುತ್ತ ನಿಲ್ಲುವ ಪ್ರಸಂಗ ಬಾಣಂತಿಗೆ ಬೇಡ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಪಾಸ್‌ಪೋರ್ಟ್, ಹಾಲಿ ಕಾರ್ಡ್, ವಿಳಾಸ ನೋಂದಣಿ ಪತ್ರ, ಆರೋಗ್ಯ ವಿಮೆಯ ದಾಖಲೆ, ಬಾಡಿಗೆ ಕರಾರು, ಗಂಡನ ಉದ್ಯೋಗದ ಕರಾರು ಮತ್ತು ಇತ್ತೀಚಿನ ಮೂರು ತಿಂಗಳ ಸಂಬಳದ ಚೀಟಿ, ವಿವಾಹ ನೋಂದಣಿ ಪತ್ರ ಕೇಳುತ್ತಾರೆ. ಮೂರು ತಿಂಗಳಿಗಿಂತ ಹೆಚ್ಚಿನ ಅವಧಿಗೆ ನವೀಕರಣದ ಶುಲ್ಕ 93 ಯೂರೋ. ಬೆರಳಚ್ಚಿಗೆ ಖುದ್ದಾಗಿ ಹೋಗಲೇಬೇಕು. ತುಮಕೂರಿನಲ್ಲಿ ಕುಳಿತು ಆನ್‌ಲೈನ್ ಅರ್ಜಿ ಹಾಕಿದರೂ ಆ ಹಂತ ತಪ್ಪುವುದಿಲ್ಲ.

ನಮ್ಮ ಕಡೆಯವರು ಹೆಚ್ಚು ತೊಡಕಿಗೆ ಸಿಲುಕುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣ ರೂಪ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಪಡೆದ ವಿವಾಹ ಪತ್ರದಲ್ಲಿ ಗಂಡನ ಹೆಸರು ಸೇರಿದ ಮೂರನೆಯ ರೂಪ ಇದ್ದರೆ ಅಲ್ಲಿನ ಅಧಿಕಾರಿಗೆ ಮೂವರು ಬೇರೆ ಬೇರೆ ಹೆಂಗಸರು ಕಾಣುತ್ತಾರೆ. ತವರಿಗೆ ಬಂದಾಗ ಇದನ್ನು ಸರಿಪಡಿಸಿಕೊಳ್ಳಿ. ದಾಖಲೆ ಅಸಲಿಯೆಂದು ವಿದೇಶಗಳಿಗೆ ದೃಢೀಕರಿಸುವ ಭಾರತದ ಅಪೊಸ್ಟಿಲ್ ಮುದ್ರೆಯನ್ನು ಜರ್ಮನಿ ಒಪ್ಪುವುದಿಲ್ಲವೆಂಬುದೂ ನೆನಪಿರಲಿ; ಏಜೆಂಟರು ಹೇಳಿದರೆಂದು ಅದಕ್ಕೆ ಹಣ ಸುರಿಯಬೇಡಿ.

ಮಗು ಇಲ್ಲಿ ಹುಟ್ಟಿದರೆ ಲೆಕ್ಕಕ್ಕೆ ಇನ್ನೊಂದು ಕಾಲಾವಧಿ ಸೇರುತ್ತದೆ. ತಂದೆತಾಯಿ ಇಬ್ಬರೂ ಭಾರತೀಯರಾಗಿದ್ದರೆ ಮಗುವಿಗೆ ಜನನ ಪತ್ರ, ಪಾಸ್‌ಪೋರ್ಟ್, ಆಮೇಲೆ ಜರ್ಮನಿಯ ದೀರ್ಘಾವಧಿ ವೀಸಾ ಆಗಬೇಕು, ಒಂದು ಮುಗಿಯದೆ ಇನ್ನೊಂದು ಆರಂಭವಾಗುವುದಿಲ್ಲ. ತಾಯಿಯ ಪರ್ಮಿಟ್ ಸರಿಯಿದ್ದರೂ ಮಗುವಿನ ವೀಸಾಕ್ಕಾಗಿ ಕಾಯುತ್ತಲೇ ಆರು ತಿಂಗಳು ದಾಟಿಹೋಗಬಹುದು. ಜನನ ನೋಂದಣಿಯನ್ನು 21 ದಿನಗಳೊಳಗೆ ಮುಗಿಸಿ, ನಾಮಕರಣದವರೆಗೆ ಕಾಯದೆ ಹೆಸರನ್ನು ಮೊದಲೇ ನಿಶ್ಚಯಿಸಿಕೊಂಡರೆ ಕೆಲವು ವಾರ ಉಳಿಯುತ್ತವೆ. ಇದು ಹಿರಿಯರಿಗೆ ಇಷ್ಟವಾಗಲಿಕ್ಕಿಲ್ಲ. ಕಾರಣ ವಿವರಿಸಿದರೆ ಒಪ್ಪುತ್ತಾರೆ. ಅರ್ಜಿ ಹಾಕದೆ ಪರ್ಮಿಟ್ ಮುಗಿದಿದ್ದರೆ, ಇಲ್ಲವೇ ಗಡುವು ಮೀರಿ ರದ್ದಾಗಿದ್ದರೆ, ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೆ ಹೊಸದಾಗಿ ವೀಸಾ ಅರ್ಜಿ ಸಲ್ಲಿಸಬೇಕಾಗುತ್ತದೆ.

ಇನ್ನೊಂದು ಮಾತನ್ನು ಗಂಡಂದಿರೂ ಮುಚ್ಚುಮರೆಯಿಲ್ಲದೆ ಹೆಂಡತಿಗೆ ತಿಳಿಸಬೇಕು. ಈ ಪರ್ಮಿಟ್ ದಾಂಪತ್ಯ ನಡೆಯುತ್ತಿದೆ ಎಂಬ ಆಧಾರದ ಮೇಲೆ ನಿಂತಿದೆ, ಆದರೆ ಜರ್ಮನಿಯಲ್ಲಿ ಮೂರು ವರ್ಷ ಕಾನೂನುಬದ್ಧವಾಗಿ ಒಟ್ಟಿಗೆ ಬಾಳಿದ ಮೇಲೆ ಸಂಬಂಧ ಮುರಿದರೂ 31ನೇ ಕಲಮಿನಡಿ ಸ್ವತಂತ್ರ ವಾಸದ ಹಕ್ಕು ಕೋರಬಹುದು. ಮನೆಯಲ್ಲಿ ಹಿಂಸೆ ಅನುಭವಿಸಿದವರಿಗೆ ಆ ಮೂರು ವರ್ಷದ ಷರತ್ತನ್ನು ಸಡಿಲಿಸಲು ಅವಕಾಶವಿದೆ. ಹಾಗಾಗಿ ಕಾರ್ಡು, ವಿವಾಹ ಪತ್ರ, ವಿಳಾಸ ನೋಂದಣಿ ಇವುಗಳ ಪ್ರತಿಗಳು ಗಂಡನ ಕಡತದಲ್ಲಷ್ಟೇ ಅಲ್ಲ, ಹೆಂಡತಿಯ ಕೈಚೀಲದಲ್ಲೂ ತವರಿನ ಬೀರುವಿನಲ್ಲೂ ಒಂದೊಂದು ಇರಲಿ.